ಘಟ್ಟದ ದಾರಿ, ರಸ್ತೆ ಮೇಲಿನ ದನ: ನಮ್ಮ ಕಡೆಗೆ ಯಾವ ಬ್ರೇಕಿನ ಬೈಕು ಸರಿ?

ಕಳೆದ ತಿಂಗಳು ತಂಗಿಯ ಮಗ ಮನೆಗೆ ಬಂದಿದ್ದ. ಮನೆ ಶಿರಸಿಯಲ್ಲಿ, ಹೊಸ ಕೆಲಸ ಕುಮಟಾದಲ್ಲಿ. ದಿನಾ ದೇವಿಮನೆ ಘಟ್ಟ ಇಳಿದು ಹತ್ತಬೇಕು. ಒಂದು ಕಡೆಗೆ ಹತ್ತಿರ ಹತ್ತಿರ 60 ಕಿ.ಮೀ. ಕೆಲಸ ಮುಗಿಸಿ ಹೊರಡುವಾಗ ರಾತ್ರಿ ಎಂಟು ದಾಟಿರುತ್ತದೆ.

"ಮಾವಾ, ಒಂದೂವರೆ ಲಕ್ಷದೊಳಗೆ ಯಾವ ಬೈಕು ತಗೊಳ್ಳಲಿ? ಮೈಲೇಜು ಯಾವುದು ಚೆನ್ನಾಗಿ ಕೊಡ್ತದೆ?" ಅಂತ ಕೇಳಿದ.

"ಮೈಲೇಜು ಆಮೇಲೆ ನೋಡೋಣ ತಮಾ. ರಾತ್ರಿ ಒಂಬತ್ತಕ್ಕೆ ಘಟ್ಟದ ತಿರುವಿನಲ್ಲಿ ಎಮ್ಮೆ ಅಡ್ಡ ನಿಂತಿದ್ದರೆ ಯಾವುದು ನಿಲ್ತದೆ, ಮೊದಲು ಅದನ್ನು ನೋಡುವಾ" ಅಂದೆ.

ಹಾಗೆ ಹೇಳುವುದಕ್ಕೆ ಕಾರಣ ಇದೆ. ಹನ್ನೊಂದು ವರ್ಷದ ಹಿಂದೆ, ಜುಲೈ ತಿಂಗಳು, ಅಂಕೋಲೆಯಿಂದ ಕುಮಟಾಕ್ಕೆ ಬರುತ್ತಿದ್ದೆ. ಹಿರೇಗುತ್ತಿ ದಾಟಿದ ಮೇಲೆ ಎಡಬದಿಯಲ್ಲಿ ಒಂದು ದನ ನಿಂತಿತ್ತು. ಅದು ಅಲ್ಲಾಡಲಿಲ್ಲ. ನಾನೂ ವೇಗ ಇಳಿಸಲಿಲ್ಲ. ಬಲಬದಿಯ ಕತ್ತಲಿಂದ ಅದರ ಕರು ತಾಯಿಯ ಹತ್ತಿರ ಓಡಿಬಂತು. ಬಲಗಾಲು ತನ್ನಷ್ಟಕ್ಕೇ ಪೆಡಲನ್ನು ಪೂರ್ತಿ ಒತ್ತಿತು. ಹಿಂದಿನ ಚಕ್ರ ತಿರುಗುವುದು ನಿಂತಿತು, ಆದರೆ ಬೈಕು ನಿಲ್ಲಲಿಲ್ಲ. ಹಿಂಭಾಗ ಎಡಕ್ಕೆ ಸರಿಯಿತು, ಆಮೇಲೆ ಬಲಕ್ಕೆ. ಮುಂದಿನ ಬ್ರೇಕಿನ ಲಿವರಿಗೆ ನಾನು ಬೆರಳೇ ಇಟ್ಟಿರಲಿಲ್ಲ. ಕರುವಿಗೆ ತಾಗಿ ಬಿದ್ದೆ, ಕಾಲರ್ ಬೋನ್ ಮುರಿಯಿತು. ಕರು ಎದ್ದು ಕುಂಟುತ್ತಾ ತಾಯಿಯ ಹಿಂದೆ ಹೋಯಿತು. ಆ ಕರು ಎದ್ದು ಹೋದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ಸಮಾಧಾನ ಆಗುತ್ತದೆ. ಆದರೆ ಆ ದಿನ ನಾನು ಸರಿಯಾಗಿ ಬ್ರೇಕು ಹಿಡಿದಿದ್ದರೆ ಅದಕ್ಕೂ ಪೆಟ್ಟಾಗುತ್ತಿರಲಿಲ್ಲ, ನನಗೂ ಆಗುತ್ತಿರಲಿಲ್ಲ.

ಆಗಿನಿಂದ ಬ್ರೇಕಿನ ವಿಷಯ ಓದಿದ್ದೇನೆ, ಬೇರೆ ಬೇರೆ ಬೈಕು ಓಡಿಸಿ ನೋಡಿದ್ದೇನೆ, ರಸ್ತೆಯಲ್ಲಿ ಹೆಜ್ಜೆ ಹಾಕಿ ಅಳೆದಿದ್ದೇನೆ. ಅಳಿಯನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಭಟ್ಕಳದಿಂದ ಕಾರವಾರದವರೆಗೆ, ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರೆಗೆ ಬೈಕು ಓಡಿಸುವ ಯಾರಿಗಾದರೂ ಇದು ಬೇಕಾಗಬಹುದು.

ಮೊದಲು ಅಳತೆ

ಬೈಕು ಆರಿಸುವ ಮುಂಚೆ ಒಂದು ಲೆಕ್ಕ ತಲೆಯಲ್ಲಿ ಕೂರಬೇಕು. ಅಡ್ಡ ಏನೋ ಬಂತು ಅಂತ ಕಣ್ಣಿಗೆ ಕಂಡು ಕೈ ಬ್ರೇಕು ಹಿಡಿಯುವಷ್ಟರಲ್ಲಿ ಒಂದು ಸೆಕೆಂಡು ಹೋಗುತ್ತದೆ. 60ರಲ್ಲಿ ಹೋಗುತ್ತಿದ್ದರೆ ಆ ಒಂದು ಸೆಕೆಂಡಿನಲ್ಲೇ ಬೈಕು 17 ಮೀಟರ್ ಮುಂದೆ ಹೋಗಿರುತ್ತದೆ. ಒಣ ಡಾಂಬರು, ಒಳ್ಳೆಯ ಟೈರು, ಎರಡೂ ಬ್ರೇಕು ಸರಿಯಾಗಿ ಹಿಡಿದರೆ ನಿಲ್ಲಲು ಇನ್ನೊಂದು 20 ಮೀಟರ್ ಬೇಕು. ಒಟ್ಟು 37 ಮೀಟರ್. ಅದೇ 40ರಲ್ಲಿ ಒಟ್ಟು 20 ಮೀಟರ್. 80ರಲ್ಲಿ 58 ಮೀಟರ್.

ಇದರಲ್ಲಿ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಇಬ್ಬರು ಅಕ್ಕಪಕ್ಕ ಹೋಗುತ್ತಿದ್ದಾರೆ, ಒಬ್ಬ 60ರಲ್ಲಿ, ಇನ್ನೊಬ್ಬ 80ರಲ್ಲಿ. ಇಬ್ಬರಿಗೂ ಒಂದೇ ಕ್ಷಣಕ್ಕೆ ದನ ಕಂಡಿತು, ಇಬ್ಬರೂ ಒಂದೇ ಥರ ಬ್ರೇಕು ಹಿಡಿದರು. 60ರವನು ದನದ ಮುಂದೆ ಬಂದು ನಿಂತ. ಅದೇ ಜಾಗಕ್ಕೆ ಬಂದಾಗ 80ರವನ ವೇಗ ಇನ್ನೂ 60ರ ಮೇಲೇ ಇರುತ್ತದೆ! ಮೊದಲ ಸಲ ಈ ಲೆಕ್ಕ ಮಾಡಿದಾಗ ತಪ್ಪಿದೆ ಅಂದುಕೊಂಡು ಮತ್ತೆ ಮಾಡಿದೆ. ತಪ್ಪಿರಲಿಲ್ಲ.

ಮಳೆಯಲ್ಲಿ ಡಾಂಬರಿನ ಹಿಡಿತ ಕಡಿಮೆ. 60ರಲ್ಲಿ 37 ಮೀಟರ್ ಇದ್ದದ್ದು ಸುಲಭವಾಗಿ 48ರ ಹತ್ತಿರ ಹೋಗುತ್ತದೆ. ಹಿಂದಿನ ಬ್ರೇಕು ಮಾತ್ರ ಒತ್ತುವವರಿಗೆ ಒಣ ರಸ್ತೆಯಲ್ಲೇ 55 ಮೀಟರ್ ಬೇಕಾಗುತ್ತದೆ. ಕಾರಣ ಸರಳ. ಬ್ರೇಕು ಹಿಡಿದ ಕೂಡಲೇ ಬೈಕಿನ ಭಾರ, ನಮ್ಮ ಭಾರ ಎಲ್ಲ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರು ನೆಲಕ್ಕೆ ಒತ್ತಿ ಕೂರುತ್ತದೆ, ಹಿಂದಿನದು ಹಗುರಾಗುತ್ತದೆ. ನಿಲ್ಲಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಮುಂದಿನ ಚಕ್ರದ್ದು. "ಮುಂದಿನ ಬ್ರೇಕು ಹಿಡಿಬೇಡ, ಬೀಳ್ತೀಯ" ಅಂತ ನಮಗೆಲ್ಲ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದಾರೆ, ಅಲ್ವಾ? ಆ ಒಂದು ಮಾತಿನಿಂದ ಎಷ್ಟು ಜನರಿಗೆ ಪೆಟ್ಟಾಗಿದೆಯೋ. ಮುಂದಿನದನ್ನು ಗಕ್ಕನೆ ಎಳೆಯಬಾರದು, ಅಷ್ಟೇ. ಒದ್ದೆ ಬಟ್ಟೆ ಹಿಂಡುವ ಹಾಗೆ ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ ಹಿಂಡಬೇಕು.

ಇನ್ನೊಂದು ಅಳತೆ ಬೆಳಕಿನದು. ನಮ್ಮ ಮನೆ ಮುಂದಿನ ರಸ್ತೆಯಲ್ಲಿ ಒಂದು ರಾತ್ರಿ ಇದನ್ನು ನೋಡಿದೆ. ಪಕ್ಕದ ಮನೆಯವರು ತಮ್ಮ ಎಮ್ಮೆಯನ್ನು ಕಣ್ಣಿ ಹಿಡಿದು ರಸ್ತೆ ಬದಿಗೆ ನಿಲ್ಲಿಸಿಕೊಂಡರು. ನಾನು ಡಿಮ್ ಲೈಟಿನಲ್ಲಿ ನಿಧಾನ ಬೈಕು ತಂದೆ. ಅಲ್ಲಿ ಎಮ್ಮೆ ಇದೆ ಅಂತ ನನಗೆ ಮೊದಲೇ ಗೊತ್ತಿತ್ತು. ಆದರೂ ಕಪ್ಪು ಮೈ ಕಣ್ಣಿಗೆ ಬಿದ್ದಲ್ಲಿ ಬೈಕು ನಿಲ್ಲಿಸಿ ಹೆಜ್ಜೆ ಎಣಿಸಿದರೆ ನಲವತ್ತು. ಅಂದರೆ ಸುಮಾರು 30 ಮೀಟರ್. ಅದು ತಲೆ ತಿರುಗಿಸಿದಾಗ ಮಾತ್ರ ಕಣ್ಣು ಹಸಿರಾಗಿ ಹೊಳೆದು ದೂರದಿಂದ ಕಂಡಿತು. ಈಗ ಎರಡೂ ಅಳತೆ ಸೇರಿಸಿ ನೋಡಿ. ಡಿಮ್ಮಿನಲ್ಲಿ ಕಾಣುವುದು 30 ಮೀಟರ್. ಅಷ್ಟರೊಳಗೆ ನಿಲ್ಲಬೇಕಾದರೆ ವೇಗ ಒಣ ರಸ್ತೆಯಲ್ಲಿ 50, ಮಳೆಯಲ್ಲಿ 40 ದಾಟಬಾರದು. ಇದು ಯಾವ ಬೈಕಿಗೂ, ಯಾವ ಬ್ರೇಕಿಗೂ ತಪ್ಪಿದ್ದಲ್ಲ. ಎಷ್ಟು ದುಡ್ಡು ಕೊಟ್ಟು ತಂದ ಬ್ರೇಕಾದರೂ ಕಂಡ ಮೇಲೆಯೇ ಕೆಲಸ ಶುರು ಮಾಡಬೇಕು.

ಯಾವ ಬ್ರೇಕು ಏನು ಮಾಡುತ್ತದೆ

ಈಗ ಸಿಗುವ ಬೈಕುಗಳನ್ನು ಬ್ರೇಕಿನ ಲೆಕ್ಕದಲ್ಲಿ ಮೂರು ಗುಂಪು ಮಾಡಬಹುದು: ಸಿಬಿಎಸ್, ಸಿಂಗಲ್ ಚಾನಲ್ ಎಬಿಎಸ್, ಡ್ಯುಯಲ್ ಚಾನಲ್ ಎಬಿಎಸ್. ಎಬಿಎಸ್ ಅಂದರೆ ಬ್ರೇಕು ಹಿಡಿದಾಗ ಚಕ್ರ ತಿರುಗದೆ ಲಾಕ್ ಆಗುವುದನ್ನು ತಪ್ಪಿಸುವ ಏರ್ಪಾಡು. 2019ರ ಏಪ್ರಿಲ್ 1ರಿಂದ 125 ಸಿಸಿಗಿಂತ ಮೇಲಿನ ಎಲ್ಲ ಹೊಸ ಬೈಕಿಗೂ ಎಬಿಎಸ್ ಕಡ್ಡಾಯ ಆಯಿತು. ಅದಕ್ಕಿಂತ ಸಣ್ಣವಕ್ಕೆ ಎಬಿಎಸ್ ಇಲ್ಲದಿದ್ದರೆ ಸಿಬಿಎಸ್ ಆದರೂ ಇರಬೇಕು ಅಂತಾಯಿತು. ಸೆಕೆಂಡ್ ಹ್ಯಾಂಡ್ ಬೈಕು ನೋಡುತ್ತಿರುವವರು ಈ ವರ್ಷವನ್ನು ನೆನಪಿಡಿ. ಅದಕ್ಕಿಂತ ಹಳೆಯದಾದರೆ ಎರಡೂ ಇಲ್ಲದೆ ಇರಬಹುದು.

ಸಿಬಿಎಸ್ ಅಂದರೆ ಒಂದನ್ನು ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕು ಬೀಳುವ ಏರ್ಪಾಡು. ಹೋಂಡಾ ಆಕ್ಟಿವಾದಲ್ಲಿ ಎಡಗೈ ಲಿವರ್ ಹಿಡಿದರೆ ಹಿಂದಿನದರ ಜೊತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಹೀರೋ ಸ್ಪ್ಲೆಂಡರಿನಲ್ಲಿ ಇದನ್ನೇ ಐಬಿಎಸ್ ಅನ್ನುತ್ತಾರೆ, ಅಲ್ಲಿ ಕಾಲಿನ ಪೆಡಲು ಈ ಕೆಲಸ ಮಾಡುತ್ತದೆ. ನನ್ನ ಹಾಗೆ ಗಾಬರಿಯಲ್ಲಿ ಬರೀ ಪೆಡಲು ಒತ್ತುವವರಿಗೆ ಇದು ದೊಡ್ಡ ಉಪಕಾರ. ಆದರೆ ಇದಕ್ಕೆ ಚಕ್ರ ಲಾಕ್ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಜೋರಾಗಿ ಒತ್ತಿದರೆ ಮಳೆಯಲ್ಲಿ ಲಾಕ್ ಆಗಿಯೇ ಆಗುತ್ತದೆ. ಪೂರ್ತಿ ನಿಲ್ಲಿಸಬೇಕಾದರೆ ಮುಂದಿನ ಲಿವರನ್ನೂ ಜೊತೆಗೆ ಹಿಡಿಯಲೇಬೇಕು.

ಎಬಿಎಸ್ ಬೇರೆಯೇ. ಚಕ್ರದ ಪಕ್ಕ ತೂತು ತೂತಿನ ಒಂದು ಸಣ್ಣ ಬಳೆ ಇರುತ್ತದೆ, ಅದರ ಹತ್ತಿರ ಒಂದು ಸೆನ್ಸರ್. ಚಕ್ರ ಎಷ್ಟು ಬೇಗ ತಿರುಗುತ್ತಿದೆ ಅಂತ ಅದು ನೋಡುತ್ತಲೇ ಇರುತ್ತದೆ. ಬ್ರೇಕು ಬಿಗಿದು ಚಕ್ರ ಇನ್ನೇನು ನಿಂತೇಹೋಗುತ್ತದೆ ಅನ್ನುವಾಗ ಬ್ರೇಕಿನ ಒತ್ತಡವನ್ನು ಒಂದು ಚೂರು ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಹಲವು ಸಲ. ಆಗ ಲಿವರು ಬೆರಳಿನ ಕೆಳಗೆ ಟಕಟಕ ಅಂತ ಮಿಡಿಯುತ್ತದೆ. ಹೊಸಬರು ಆ ಮಿಡಿತಕ್ಕೆ ಹೆದರಿ ಕೈ ಬಿಡುತ್ತಾರೆ. ಬಿಡಬಾರದು. ಅದು ಕೆಲಸ ಮಾಡುತ್ತಿರುವ ಗುರುತು.

ಇದರಲ್ಲಿ ಸಿಂಗಲ್ ಚಾನಲ್ ಅಂದರೆ ಮುಂದಿನ ಚಕ್ರಕ್ಕೆ ಮಾತ್ರ. ಡ್ಯುಯಲ್ ಚಾನಲ್ ಅಂದರೆ ಎರಡಕ್ಕೂ. 2019ರ ಆ ನಿಯಮಕ್ಕೆ ಸಿಂಗಲ್ ಸಾಕಿತ್ತು. ಹಾಗಾಗಿ ಶೋರೂಮಿನಲ್ಲಿ "ಎಬಿಎಸ್ ಇದೆ ಸಾರ್" ಅಂದರೆ ಅರ್ಧ ಮಾತು ಮಾತ್ರ. ಎಷ್ಟು ಚಾನಲ್ ಅಂತ ಕೇಳಲೇಬೇಕು. ಒಂದೇ ಹೆಸರಿನ ಬೈಕಿನಲ್ಲಿ ಎರಡೂ ಇರಬಹುದು. 2022ರಲ್ಲಿ ಬಜಾಜ್ ಪಲ್ಸರ್ ಎನ್160 ಬಂದಾಗ ಸಿಂಗಲ್, ಡ್ಯುಯಲ್ ಎರಡೂ ಇತ್ತು, ಬೆಲೆಯಲ್ಲಿ ವ್ಯತ್ಯಾಸ ಸುಮಾರು 5 ಸಾವಿರ ರೂಪಾಯಿ. 2021ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ ಕಡಿಮೆ ಬೆಲೆಯದ್ದಕ್ಕೆ ಹಿಂದೆ ಡ್ರಮ್ ಬ್ರೇಕು, ಸಿಂಗಲ್ ಚಾನಲ್. ಮೇಲಿನವಕ್ಕೆ ಹಿಂದೆಯೂ ಡಿಸ್ಕ್, ಡ್ಯುಯಲ್ ಚಾನಲ್. ಬಣ್ಣ ನೋಡಿ ಆರಿಸಿದವರಿಗೆ ಮನೆಗೆ ತಂದ ಮೇಲೆ ಇದು ತಿಳಿಯುತ್ತದೆ.

ಸಿಂಗಲ್ ಸಾಕಾ, ಡ್ಯುಯಲ್ ಬೇಕಾ? ಮುಂದಿನ ಚಕ್ರ ಲಾಕ್ ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ನೆಲದ ಮೇಲೆ. ಸರಿ ಮಾಡಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹಿಂದಿನದು ಲಾಕ್ ಆದರೆ ಬಾಲ ಆಡಿಸುತ್ತದೆ, ಪೆಡಲು ಬಿಟ್ಟರೆ ಸರಿಹೋಗುವ ಸಾಧ್ಯತೆ ಇದೆ. ಆದ್ದರಿಂದ ಸಿಂಗಲ್ ಚಾನಲ್ ದೊಡ್ಡ ಅಪಾಯವನ್ನು ತಪ್ಪಿಸುತ್ತದೆ, ಅದನ್ನು ಕಡೆಗಣಿಸಬೇಡಿ. ಆದರೆ ಘಟ್ಟ ಇಳಿಯುವಾಗ ಭಾರ ಮೊದಲೇ ಮುಂದಕ್ಕೆ ಇರುತ್ತದೆ, ಹಿಂದಿನ ಚಕ್ರ ಇನ್ನೂ ಹಗುರ. ಮೇಲಿಂದ ಮಳೆ. ಅಲ್ಲಿ ಪೆಡಲು ಸ್ವಲ್ಪ ಜಾಸ್ತಿ ಒತ್ತಿದರೂ ಹಿಂಭಾಗ ಜಾರುತ್ತದೆ. ದೇವಿಮನೆ, ಅರಬೈಲು, ಮಾಲೆಮನೆ, ಅಣಶಿ, ಈ ಘಟ್ಟಗಳಲ್ಲಿ ಮಳೆಗಾಲದಲ್ಲೂ ದಿನಾ ಓಡಾಡುವವರಿಗೆ ಡ್ಯುಯಲ್ ಬೇಕು ಅನ್ನುವುದು ಇದಕ್ಕೇ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಅಂದರೆ ವರ್ಷದ ಮೂರನೇ ಒಂದು ಭಾಗ ನಾವು ಓಡಿಸುವುದೇ ಒದ್ದೆ ರಸ್ತೆಯಲ್ಲಿ. ಬಯಲುಸೀಮೆಯವರು ಬರೆದ ಬೈಕಿನ ವಿಮರ್ಶೆ ಓದಿ ಆರಿಸಿದರೆ ನಮಗೆ ಪೂರ್ತಿ ಹೊಂದುವುದಿಲ್ಲ.

ಎಬಿಎಸ್ ಮಾಡದ ಕೆಲಸವೂ ಇದೆ. ತಿರುವಿನಲ್ಲಿ ಬೈಕು ವಾಲಿಸಿದ್ದಾಗ ಜೋರಾಗಿ ಬ್ರೇಕು ಹಿಡಿದರೆ ಈ ಬೆಲೆಯ ಬೈಕುಗಳ ಎಬಿಎಸ್ ಕೈ ಹಿಡಿಯುವ ಖಾತ್ರಿ ಇಲ್ಲ. ಅದು ಇರುವುದು ನೆಟ್ಟಗೆ ಹೋಗುವಾಗ. ಸವೆದ ಟೈರಿಗೂ ಅದು ಹಿಡಿತ ತಂದುಕೊಡುವುದಿಲ್ಲ. ಇನ್ನು ಸಡಿಲ ನೆಲ. ಜಲ್ಲಿ, ಕೆಂಪು ಮಣ್ಣಿನ ರಾಡಿ, ದರಕು (ಒಣಗಿದ ಎಲೆ) ಬಿದ್ದ ತೋಟದ ದಾರಿಯಲ್ಲಿ ಎಬಿಎಸ್ ಬಿಟ್ಟು ಹಿಡಿದು ಮಾಡುವುದರಿಂದ ನಿಲ್ಲಲು ಜಾಗ ಜಾಸ್ತಿಯೇ ಬೇಕಾಗುತ್ತದೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಥರದವುಗಳಲ್ಲಿ ಹಿಂದಿನ ಚಕ್ರದ ಎಬಿಎಸ್ ಬೇಕಾದಾಗ ಆಫ್ ಮಾಡುವ ಸ್ವಿಚ್ಚು ಇರುವುದು ಇದಕ್ಕೆ. ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಯಲ್ಲಿ ಮನೆ, ಡಾಂಬರು ಸಿಗಲು ನಾಲ್ಕು ಕಿ.ಮೀ. ಮಣ್ಣಿನ ಇಳಿಜಾರು ಇದೆ ಅನ್ನುವವರಿಗೆ ಸಿಂಗಲ್ ಚಾನಲ್ಲೇ ಹೆಚ್ಚು ಅನುಕೂಲ ಆಗಬಹುದು, ಕಾಲಿನ ಬ್ರೇಕಿನ ಹದ ತಿಳಿದಿದ್ದರೆ.

ಅಡ್ಡ ಬರುವುದು ಯಾವುದು, ಅದಕ್ಕೆ ಏನು ಮಾಡಬೇಕು

ಬೈಕು ಆರಿಸುವುದಕ್ಕೂ ಇದಕ್ಕೂ ಸಂಬಂಧ ಇದೆ. ಒಬ್ಬೊಬ್ಬರ ದಾರಿಯಲ್ಲಿ ಒಂದೊಂದು ಪ್ರಾಣಿ. ಅದರ ಸ್ವಭಾವ ಗೊತ್ತಿದ್ದರೆ ಬ್ರೇಕು ಎಷ್ಟು ಬೇಕು ಅಂತಲೂ ಗೊತ್ತಾಗುತ್ತದೆ.

ಕರಾವಳಿಯ ಹೆದ್ದಾರಿ 66ರಲ್ಲಿ ಮೊದಲ ಹೆಸರು ದನದ್ದೇ. ಚತುಷ್ಪಥ ಆದ ಮೇಲೆ ನಡುವಿನ ಡಿವೈಡರಿನಲ್ಲಿ ಹುಲ್ಲು, ಗಿಡ ಬೆಳೆದಿದೆ. ದನಗಳು ಅಲ್ಲಿ ಮೇಯಲು ಹತ್ತುತ್ತವೆ. ಗಿಡದ ಮರೆಯಲ್ಲಿ ನಿಂತದ್ದು ಕಾಣುವುದಿಲ್ಲ, ಇಳಿಯುವಾಗ ನೇರ ಬಲಗಡೆಯ ವೇಗದ ಲೇನಿಗೇ ಕಾಲಿಡುತ್ತದೆ. ಅದಕ್ಕೇ ನಾನು ರಾತ್ರಿ ಬಲಗಡೆಯ ಲೇನಿನಲ್ಲಿ ಹೋಗುವುದಿಲ್ಲ. ಮಳೆಗಾಲದಲ್ಲಿ ಗದ್ದೆ, ಬಯಲು ಎಲ್ಲ ಒದ್ದೆ. ಡಾಂಬರು ಬೆಚ್ಚಗೆ, ಬೇಗ ಒಣಗುತ್ತದೆ, ವಾಹನದ ಗಾಳಿಗೆ ನೊಣ ಸೊಳ್ಳೆ ಕಡಿಮೆ. ದನ ಅಲ್ಲೇ ಮಲಗುತ್ತದೆ. ಮಲಗಿದ ದನ ಹಾರನ್ನಿಗೆ ಏಳುವುದಿಲ್ಲ. ಅಲ್ಲಿ ಇರುವ ದಾರಿ ಬ್ರೇಕು ಒಂದೇ.

ನಿಂತ ದನ ಬೇರೆ. ಅದರ ಮುಖ ಯಾವ ಕಡೆ ಇದೆ ನೋಡಿ. ದನ ಮುಂದಕ್ಕೆ ಹೆಜ್ಜೆ ಇಡುತ್ತದೆ, ಹಿಂದಕ್ಕೆ ಸರಿಯುವುದು ಅಪರೂಪ. ಹಾಗಾಗಿ ದಾಟುವುದಾದರೆ ಬಾಲದ ಕಡೆಯಿಂದ, ಅದೂ ವೇಗ ಪೂರ್ತಿ ಇಳಿಸಿ. ಒಂದು ಬದಿಯಲ್ಲಿ ತಾಯಿ ಇದ್ದರೆ ಇನ್ನೊಂದು ಬದಿಯಲ್ಲಿ ಕರು ಇದೆ ಅಂತಲೇ ತಿಳಿದುಕೊಳ್ಳಿ. ನಮ್ಮ ಮಲೆನಾಡು ಗಿಡ್ಡ ತಳಿಯ ದನಗಳು ಸೊಂಟದೆತ್ತರ, ಚುರುಕು. ಜರ್ಸಿಯ ಹಾಗೆ ಯೋಚಿಸಿ ನಡೆಯುವುದಿಲ್ಲ, ಒಂದೇ ನೆಗೆತಕ್ಕೆ ರಸ್ತೆ ನಡುವೆ ಬಂದಿರುತ್ತವೆ. ಅಮ್ಮ ಈಗ ನಮ್ಮ ಮನೆಯ ಎರಡು ದನದ ಕೊರಳ ಹಗ್ಗಕ್ಕೂ ಬೆಳಕಿಗೆ ಹೊಳೆಯುವ ಪಟ್ಟಿ ಹೊಲಿದು ಹಾಕಿದ್ದಾಳೆ. ಖರ್ಚು ಹೆಚ್ಚಲ್ಲ. ಹೈಬೀಮಿನಲ್ಲಿ ನೋಡಿದರೆ ರಸ್ತೆಯ ಆ ತುದಿಯಿಂದಲೇ ಎರಡು ಬಿಳಿ ಗೆರೆ ಕಾಣುತ್ತದೆ.

ನಾಯಿಗೆ ನಿಯಮ ಇಲ್ಲ. ದಾಟಿಹೋದ ನಾಯಿ ಅರ್ಧದಿಂದ ತಿರುಗಿ ಬರುತ್ತದೆ. ಅಟ್ಟಿಸಿಕೊಂಡು ಬರುವ ನಾಯಿ ನಾವು ಈಗ ಹೋಗುತ್ತಿರುವ ವೇಗ ನೋಡಿ ಅಡ್ಡ ಹಾಕುತ್ತದೆ. ಮೊದಲು ಸ್ವಲ್ಪ ನಿಧಾನ ಮಾಡಿ, ಅದು ಹತ್ತಿರ ಬಂದಾಗ ನೆಟ್ಟಗೆ ಮುಂದೆ ಹೋದರೆ ಅದರ ಲೆಕ್ಕ ತಪ್ಪುತ್ತದೆ. ಕಾಲು ಎತ್ತಿ ಒದೆಯಲು ಹೋಗಿ ಬಿದ್ದವರನ್ನು ಕಂಡಿದ್ದೇನೆ.

ಕೋಳಿ, ಬೆಕ್ಕು, ಮುಂಗುಸಿ ಇಂಥ ಸಣ್ಣವು ಬಂದಾಗ ಹ್ಯಾಂಡಲ್ ಎಳೆದು ತಪ್ಪಿಸಲು ಹೋಗಬೇಡಿ. ಹೇಳಲು ಕಷ್ಟ ಆಗುತ್ತದೆ, ಆದರೂ ಹೇಳುತ್ತೇನೆ. ನೆಟ್ಟಗೆ ಇದ್ದು, ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, ಆದಷ್ಟು ಬ್ರೇಕು ಹಿಡಿಯಿರಿ. ಹೆಚ್ಚಿನ ಸಲ ಅವು ತಾವೇ ತಪ್ಪಿಸಿಕೊಳ್ಳುತ್ತವೆ. ತಾಗಿಯೇ ತಾಗುತ್ತದೆ ಅನ್ನುವ ಕೊನೆಯ ಕ್ಷಣಕ್ಕೆ ಬ್ರೇಕು ಬಿಟ್ಟರೆ ಮುಂದಿನ ಶಾಕ್ ಮೇಲೇಳುತ್ತದೆ, ಬೈಕು ಮಗುಚುವ ಸಾಧ್ಯತೆ ಕಡಿಮೆ. ದನ, ಎಮ್ಮೆಯಂಥ ದೊಡ್ಡದಕ್ಕೆ ಹಾಗಲ್ಲ. ತಪ್ಪಿಸಿ ಹೋಗಲು ಸಂದು ಇಲ್ಲದಿದ್ದರೆ ತಾಗುವವರೆಗೂ ಬ್ರೇಕು ಬಿಡಬಾರದು. ಇಳಿಸಿದ ಒಂದೊಂದು ಕಿ.ಮೀ. ವೇಗವೂ ಲೆಕ್ಕಕ್ಕೆ ಬರುತ್ತದೆ.

ಘಟ್ಟ ಹತ್ತಿದ ಮೇಲೆ ಕಾಡಿನವು. ಕಾಡುಹಂದಿ ಒಂದು ದಾಟಿತು ಅಂದರೆ ಮುಗಿಯಲಿಲ್ಲ, ಹಿಂದೆ ಸಾಲು ಇರುತ್ತದೆ. ಒಂದನ್ನು ನೋಡಿದರೆ ನಿಂತು ಹತ್ತು ಎಣಿಸಿ. ಜಿಂಕೆ, ಕಡವೆ ಹೈಬೀಮ್ ಕಣ್ಣಿಗೆ ಬಿದ್ದರೆ ಅಲ್ಲೇ ಕಲ್ಲಾಗುತ್ತವೆ. ಡಿಮ್ ಮಾಡಿದರೆ ಅವಕ್ಕೆ ದಾರಿ ಕಾಣುತ್ತದೆ. ಅರಬೈಲು, ದೇವಿಮನೆಯಲ್ಲಿ ಹಗಲು ಮಂಗಗಳು ತಿರುವಿನಲ್ಲೇ ಕೂತಿರುತ್ತವೆ. ಜನ ನಿಲ್ಲಿಸಿ ಬಾಳೆಹಣ್ಣು, ಬಿಸ್ಕತ್ತು ಎಸೆಯುವುದರಿಂದಲೇ ಅವು ಅಲ್ಲಿ ಬರುವುದು. ದಯವಿಟ್ಟು ಎಸೆಯಬೇಡಿ. ನಿಮ್ಮ ಹಿಂದೆ ಬರುವ ಬೈಕಿನವನಿಗೂ ಅಪಾಯ, ಮಂಗಕ್ಕೂ ಅಪಾಯ.

ಕಾಡುಕೋಣದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಜೋಯಿಡಾ, ದಾಂಡೇಲಿ, ಅಣಶಿ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಾರಿಗಳಲ್ಲಿ ಇದು ಮಾಮೂಲು. ದೊಡ್ಡ ಗಂಡು ಒಂದು ಟನ್ ಹತ್ತಿರ ತೂಗುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಸಣ್ಣ ಕಾರು ರಸ್ತೆಗೆ ಅಡ್ಡ ನಿಂತ ಹಾಗೆ. ಮೈ ಕಪ್ಪು, ಕಾಲು ಮಾತ್ರ ಮೊಣಕಾಲಿನಿಂದ ಕೆಳಗೆ ಬಿಳಿ, ಸಾಕ್ಸ್ ಹಾಕಿದ ಹಾಗೆ. ಅಣಶಿ ದಾರಿಯಲ್ಲಿ ಒಂದು ಸಂಜೆ ನನಗೆ ಮೊದಲು ಕಂಡದ್ದು ಆ ಬಿಳಿ ಕಾಲುಗಳೇ. ಡಿಮ್ ಲೈಟು ನೆಲದ ಹತ್ತಿರ ಬೀಳುತ್ತದಲ್ಲ, ನಾಲ್ಕು ಬಿಳಿ ಕಂಬ ಕಂಡಿತು, ಮೈ ಕಾಣಲೇ ಇಲ್ಲ. ಏನೆಂದು ಗೊತ್ತಾಗುವ ಮೊದಲೇ ಬ್ರೇಕು ಹಿಡಿದಿದ್ದೆ. 35ರಲ್ಲಿ ಇದ್ದೆ, ನಿಂತೆ. ಆಮೇಲೆ ಅದು ತಲೆ ಎತ್ತಿ ಒಮ್ಮೆ ಉಸಿರು ಬಿಟ್ಟಿತು. ಆ ಸದ್ದು ಎಂಜಿನ್ ಶಬ್ದದ ಮೇಲೂ ಕೇಳಿಸಿತು. ಹಾರನ್ ಹಾಕಲಿಲ್ಲ, ಲೈಟು ಮಿನುಗಿಸಲಿಲ್ಲ. ಅದು ತನ್ನ ಸಮಯಕ್ಕೆ ಇಳಿದು ಹೋಯಿತು, ಹಿಂದೆ ಇನ್ನೆರಡು. ಇಂಥ ಕಡೆ ಎಷ್ಟು ದೂರದಲ್ಲಿ ಆಗುತ್ತದೋ ಅಷ್ಟು ದೂರದಲ್ಲೇ ನಿಲ್ಲಬೇಕು, ಪಕ್ಕದಲ್ಲಿ ನುಗ್ಗಲು ನೋಡಬಾರದು. ಸುಗ್ಗಿ ಹೊತ್ತಿಗೆ ಮುಂಡಗೋಡ, ಯಲ್ಲಾಪುರ ಕಡೆ ಆನೆ ಬರುತ್ತದೆ. ಆನೆ ಕಂಡರೆ ಬೈಕು ತಿರುಗಿಸಿ ವಾಪಸು ಬರುವುದೇ.

ಬ್ರೇಕು ಹಿಡಿಯುವುದಾ, ಪಕ್ಕಕ್ಕೆ ತಪ್ಪಿಸುವುದಾ ಅಂತ ಅಳಿಯ ಕೇಳಿದ. ಎರಡನ್ನೂ ಒಟ್ಟಿಗೆ ಮಾಡಬಾರದು. ಮೊದಲು ನೆಟ್ಟಗೆ ಬ್ರೇಕು. ವೇಗ ಇಳಿದ ಮೇಲೂ ಜಾಗ ಸಾಲದು ಅನ್ನಿಸಿದರೆ ಬ್ರೇಕು ಬಿಟ್ಟು ಆಮೇಲೆ ತಿರುಗಿಸುವುದು. ಕಣ್ಣು ದನದ ಮೇಲೆ ಇಡಬೇಡಿ, ಹೋಗಬೇಕಾದ ಸಂದಿನ ಮೇಲೆ ಇಡಿ. ಕಣ್ಣು ನೆಟ್ಟ ಕಡೆಗೇ ಬೈಕು ಹೋಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ಕಾರವಾರ, ಅಂಕೋಲಾ, ಕುಮಟಾ ಪೇಟೆಯೊಳಗೆ, ಹೆಚ್ಚಾಗಿ ಹಗಲು, 40ರ ಆಚೆ ಹೋಗದವರಿಗೆ ಸಿಬಿಎಸ್ ಸ್ಕೂಟರು ಅಥವಾ 100–125 ಸಿಸಿ ಬೈಕು ಸಾಕು. ಮುಂದೆ ಡಿಸ್ಕ್ ಇರುವುದು ಸಿಕ್ಕರೆ ಅದನ್ನೇ ತಗೊಳ್ಳಿ. ಡ್ರಮ್ಮಿನೊಳಗೆ ಮಳೆನೀರು ಹೋದರೆ ಒಂದೆರಡು ಸಲ ಹಿಡಿದು ಬಿಡುವವರೆಗೆ ಬ್ರೇಕು ಹಿಡಿಯುವುದೇ ಇಲ್ಲ. ಡಿಸ್ಕ್ ಬೇಗ ಒಣಗುತ್ತದೆ.

ಹೆದ್ದಾರಿಯಲ್ಲಿ ದಿನಾ ಓಡಾಟ, ಹೊನ್ನಾವರದಿಂದ ಭಟ್ಕಳ, ಕಾರವಾರದಿಂದ ಅಂಕೋಲಾ ಅನ್ನುವವರಿಗೆ ಎಬಿಎಸ್ ಇಲ್ಲದ್ದನ್ನು ನಾನು ಹೇಳುವುದಿಲ್ಲ. ಅಲ್ಲಿ ದನದ ಜೊತೆಗೆ ಮೀನಿನ ಲಾರಿಯ ನೀರೂ ಇದೆ. ಅದು ಸೋರಿದ ಜಾಗ ನೋಡಲು ಬರೀ ಒದ್ದೆ, ಮುಟ್ಟಿದರೆ ಲೋಳೆ. ಸಿಂಗಲ್ ಚಾನಲ್ ಆದರೂ ಇರಲಿ. ದುಡ್ಡು ಹೊಂದುವುದಾದರೆ ಡ್ಯುಯಲ್.

ಅಳಿಯನಂಥವರಿಗೆ, ಅಂದರೆ ಘಟ್ಟ, ಮಳೆ, ರಾತ್ರಿ ಮೂರೂ ಒಟ್ಟಿಗೆ ಇರುವವರಿಗೆ ಡ್ಯುಯಲ್ ಚಾನಲ್ಲೇ. ಎಂಜಿನ್ ಸಣ್ಣದಾದರೂ ಅಡ್ಡಿಯಿಲ್ಲ, ಬ್ರೇಕಿನಲ್ಲಿ ಉಳಿತಾಯ ಬೇಡ. ಅವನು 200 ಸಿಸಿಯ ಸಿಂಗಲ್ ಚಾನಲ್ ಒಂದರ ಮೇಲೆ ಕಣ್ಣಿಟ್ಟಿದ್ದ. 160ರ ಡ್ಯುಯಲ್ ತಗೋ ಅಂದೆ. ದೇವಿಮನೆಯಲ್ಲಿ 200 ಸಿಸಿಯ ಓಟಕ್ಕೆ ಜಾಗವೆಲ್ಲಿದೆ?

ಹಳೆಯ ಬೈಕು ಇದೆ, ಹೊಸದು ತಗೊಳ್ಳಲು ಆಗುವುದಿಲ್ಲ ಅನ್ನುವವರು ಬೇಸರ ಮಾಡಿಕೊಳ್ಳಬೇಡಿ. ಮೊದಲ ದುಡ್ಡು ಟೈರಿಗೆ ಹಾಕಿ. ಟೈರಿನ ಗೀರಿನ ನಡುವೆ ಸಣ್ಣ ದಿಬ್ಬ ಇರುತ್ತದೆ, ಅದರ ಮಟ್ಟಕ್ಕೆ ಟೈರು ಸವೆದಿದ್ದರೆ ಮಳೆಗಾಲಕ್ಕೆ ಮುಂಚೆ ಬದಲಿಸಿ. ಎರಡನೆಯದು ಬ್ರೇಕ್ ಲೈನರು, ಮೂರನೆಯದು ಹೆಡ್‌ಲೈಟು. ಬಲ್ಬು ಮಬ್ಬಾಗಿದ್ದರೆ, ಗಾಜು ಹಳದಿಯಾಗಿದ್ದರೆ ಆ 30 ಮೀಟರು 20 ಆಗಿರುತ್ತದೆ. ಒಳ್ಳೆಯ ಟೈರಿನ ಹಳೆಯ ಡ್ರಮ್ ಬೈಕು, ಮುಂದಿನ ಬ್ರೇಕು ಹಿಡಿಯಲು ಬಲ್ಲವನ ಕೈಯಲ್ಲಿ, ಬೋಳು ಟೈರಿನ ಎಬಿಎಸ್ ಬೈಕಿಗಿಂತ ಮೊದಲು ನಿಲ್ಲುತ್ತದೆ.

ತಂದ ಮೇಲೆ

ಕಡಲ ಬದಿಯ ಉಪ್ಪುಗಾಳಿ ಡಿಸ್ಕ್ ಬ್ರೇಕಿಗೆ ಆಗುವುದಿಲ್ಲ. ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ಕ್ಯಾಲಿಪರ್ ಸರಿಯುವ ಪಿನ್ನು ತುಕ್ಕು ಹಿಡಿದು ಬಿಗಿಯಾದರೆ ಪ್ಯಾಡು ಒಂದೇ ಬದಿ ಸವೆಯುತ್ತದೆ, ಬ್ರೇಕು ಅರ್ಧ ಹಿಡಿಯುತ್ತದೆ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಬಿಚ್ಚಿ ಸ್ವಚ್ಛ ಮಾಡಿಸಿ, ಅದಕ್ಕೆ ಹಾಕುವ ಗ್ರೀಸನ್ನೇ ಹಾಕಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಕಡೆ ತೇವಕ್ಕೇನು ಕೊರತೆ? ತೇವ ಸೇರಿದ ಆಯಿಲ್ ಘಟ್ಟ ಇಳಿಯುವಾಗ ಬಿಸಿಯಾಗಿ ಕುದಿದರೆ ಲಿವರು ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಬೈಕಿನ ಬ್ರೇಕ್ ಆಯಿಲ್ ಡಬ್ಬದ ಮೇಲೆ ಡಾಟ್ 4 (ಆಯಿಲಿನ ದರ್ಜೆ) ಅಂತ ಇದ್ದರೆ ಅದನ್ನೇ ಹಾಕಿಸಿ. ಇಳಿಜಾರಿನಲ್ಲಿ ಬ್ರೇಕಿನ ಮೇಲೇ ಭಾರ ಹಾಕದೆ ಎರಡನೇ, ಮೂರನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲಿ ಇಳಿಯಿರಿ. ಆಗ ದನ ಬಂದಾಗ ಬ್ರೇಕು ತಣ್ಣಗೆ ಇರುತ್ತದೆ.

ಎಬಿಎಸ್ ದೀಪವನ್ನೂ ದಿನಾ ನೋಡಿ. ಕೀ ತಿರುಗಿಸಿದಾಗ ಉರಿಯಬೇಕು, ಬೈಕು ಸ್ವಲ್ಪ ಮುಂದೆ ಹೋದ ಮೇಲೆ ಆರಬೇಕು. ಆರದೇ ಇದ್ದರೆ ಎಬಿಎಸ್ ಕೆಲಸ ಮಾಡುತ್ತಿಲ್ಲ. ಹೆಚ್ಚಿನ ಸಲ ಸೆನ್ಸರಿಗೆ ಕೆಂಪು ಮಣ್ಣು ಮೆತ್ತಿರುತ್ತದೆ, ನೀರು ಹಾಕಿ ತೊಳೆದರೆ ಸರಿಹೋಗುತ್ತದೆ.

ಪ್ರಾಣಿಗೆ ತಾಗಿದರೆ ಬಿಟ್ಟು ಹೋಗಬೇಡಿ. ದನ, ನಾಯಿಗೆ ಪೆಟ್ಟಾದರೆ 1962ಕ್ಕೆ ಫೋನ್ ಮಾಡಿದರೆ ಪಶು ಚಿಕಿತ್ಸೆಯ ವಾಹನದವರು ಸಿಗುತ್ತಾರೆ. ಕಾಡುಪ್ರಾಣಿಯಾದರೆ ಅರಣ್ಯ ಇಲಾಖೆಗೆ ಹೇಳಿ, ಹತ್ತಿರ ಹೋಗಬೇಡಿ. ಇನ್ಶೂರೆನ್ಸು ಬರೀ ಥರ್ಡ್ ಪಾರ್ಟಿ ಇದ್ದರೆ ದನಕ್ಕೆ ಗುದ್ದಿ ಮುರಿದ ನಿಮ್ಮ ಬೈಕಿಗೆ ಒಂದು ರೂಪಾಯಿಯೂ ಬರುವುದಿಲ್ಲ, ಅದನ್ನೂ ಮೊದಲೇ ನೋಡಿಕೊಳ್ಳಿ.

ಅಳಿಯ 160ರ ಡ್ಯುಯಲ್ ಚಾನಲ್ಲನ್ನೇ ತಂದ. ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೆ ವಾಹನ ಇಲ್ಲದ ಡಾಂಬರು ಜಾಗಕ್ಕೆ ಕರೆದುಕೊಂಡು ಹೋದೆ. ರಸ್ತೆಗೆ ಅಡ್ಡ ಸುಣ್ಣದ ಗೆರೆ ಎಳೆದೆ. 40ರಲ್ಲಿ ಬಾ, ಗೆರೆ ದಾಟುವಾಗ ಎರಡೂ ಬ್ರೇಕು ಹಿಡಿ ಅಂದೆ. ಮೊದಲ ಸಲ ಗೆರೆಯಿಂದ 21 ಹೆಜ್ಜೆ ದೂರ ಹೋಗಿ ನಿಂತ, ಲಿವರು ಮಿಡಿದಾಗ ಹೆದರಿ ಕೈ ಬಿಟ್ಟಿದ್ದ. ಐದನೇ ಸಲ 16. ಹನ್ನೆರಡನೇ ಸಲಕ್ಕೆ 13 ಹೆಜ್ಜೆಯಲ್ಲಿ ನಿಂತ. ಬರುವ ಭಾನುವಾರ ಮಳೆ ಬಂದರೆ ಅದೇ ಗೆರೆಯ ಹತ್ತಿರ ಮತ್ತೆ ಹೋಗುತ್ತೇವೆ.